ಲಿಂಗನಮಕ್ಕಿಗೆ ಅರವತ್ತು ದಾಟಿತು, ಇನ್ನೆಷ್ಟು ವರ್ಷ ದುಡಿಸುವುದು?

ಹೊಳೆಬಾಗಿಲು ಹುಡುಗಿ

ನಮ್ಮದು ಶರಾವತಿಯ ಲಿಂಗನಮಕ್ಕಿ ಡ್ಯಾಂನ ಹಿನ್ನೀರಿನ ಊರು. ಮಳೆಗಾಲ ಹಿಡಿದರೆ ನಮ್ಮ ಮನೆಯಲ್ಲಿ ಬೆಳಗ್ಗೆ ಮೊದಲ ಪ್ರಶ್ನೆ "ಡ್ಯಾಂ ಎಷ್ಟಾಯ್ತು?" ಅಪ್ಪ ಪೇಪರಿನ ಮೂಲೆ ಹುಡುಕಿ "ಹದಿನೆಂಟು ನೂರಾ ಎರಡು" ಎನ್ನುತ್ತಾರೆ. ಒಳಗಿನಿಂದ ಅಮ್ಮ "ಹಾಗಾದ್ರೆ ಇನ್ನೂ ಹದಿನೇಳಡಿ" ಎನ್ನುತ್ತಾರೆ. 1819 ತುಂಬಿದ ಲೆಕ್ಕ. ಕರೂರು ಹೋಬಳಿಯಲ್ಲಿ ಶಾಲೆಗೆ ಹೋಗದ ಮಗುವಿಗೂ ಇದು ಗೊತ್ತು.

ಈ ಸಲ ಊರಿಗೆ ಹೋದಾಗ ಹಿನ್ನೀರು ದಾಟಲು ಮೊದಲ ಸಲ ಲಾಂಚ್ ಹತ್ತಲಿಲ್ಲ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ಶುರುವಾಯಿತಲ್ಲ, ಬಸ್ಸಲ್ಲೇ ದಾಟಿದೆ. ಪಕ್ಕದ ಸೀಟಿನ ಹಿರಿಯರೊಬ್ಬರು ಕಿಟಕಿಯಿಂದ ನೀರು ನೋಡುತ್ತಾ ಹೇಳಿದರು: "ಡ್ಯಾಂ ಕಟ್ಟಿ ಅರವತ್ತು ವರ್ಷಕ್ಕೆ ಸೇತುವೆ ಬಂತು. ಇನ್ನು ಡ್ಯಾಂಗೇ ವಯಸ್ಸಾಯ್ತು ಅಂತ ನೀರು ಬಿಟ್ಟರೆ ಈ ಸೇತುವೆ ಏನು ಮಾಡೋದು?"

ಅವರು ನಕ್ಕರು, ನಾನೂ ನಕ್ಕೆ. ಆಮೇಲೆ ತಲೆಯಲ್ಲಿ ಕೂತುಬಿಟ್ಟಿತು. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಡ್ಯಾಂಗೆ ನಿಜವಾಗಿ ವಯಸ್ಸು ಅಂತ ಒಂದಿದೆಯಾ? ಗೊತ್ತಿದ್ದವರು ಹೇಳಿ. ಹೆದರಿಸುವ ವಾಟ್ಸಾಪ್ ವಿಡಿಯೊ ಬೇಡ, ಅವು ನಮ್ಮ ಮಾವನ ಹತ್ತಿರ ಬೇಕಾದಷ್ಟಿವೆ.

ಬೆಣ್ಣೆದೋಸೆ

ನಾನು ದಾವಣಗೆರೆಯವನು, ತಪ್ಪಾದರೆ ಬೈಯಬೇಡಿ. 1819 ಅಡಿ ಎತ್ತರದ ಡ್ಯಾಂ ಅಂದರೆ ಪ್ರಪಂಚಕ್ಕೇ ದೊಡ್ಡದಾಗಲಿಲ್ವಾ? ಎಲ್ಲೂ ಓದಿದ ನೆನಪಿಲ್ಲ.

ಅಡಿಕೆಸಿಪ್ಪೆ

ಬೈಯಲ್ಲ ಮಾರಾಯ್ರೆ, ಮೊದಲ ಸಲ ಬರುವ ಎಲ್ಲರೂ ಕೇಳುತ್ತಾರೆ. ಅದು ಸಮುದ್ರ ಮಟ್ಟದಿಂದ ಅಳೆದ ಲೆಕ್ಕ. ಡ್ಯಾಂ ಎತ್ತರ ಸುಮಾರು 60 ಮೀಟರ್. ಉದ್ದ ಮಾತ್ರ ಎರಡು ಕಿಲೋಮೀಟರಿಗೂ ಜಾಸ್ತಿ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವಷ್ಟರಲ್ಲಿ ಮೂರು ಸಲ ಮಳೆ ಬಂದು ಹೋಗುತ್ತದೆ.

ಪೆಲ್ಟನ್‌ರಾಯ

ಕಾರ್ಗಲ್ ಕಾಲೊನಿಯಲ್ಲಿ ಹುಟ್ಟಿ, ಅಲ್ಲೇ ಕೆಲಸಕ್ಕೆ ಸೇರಿ, ಅಲ್ಲೇ ನಿವೃತ್ತನಾದವನು ನಾನು. ಪವರ್‌ಹೌಸಿನ ಮೆಕ್ಯಾನಿಕಲ್ ಕಡೆ ಇದ್ದೆ. ಡ್ಯಾಂ ಸಿವಿಲ್‌ನವರದ್ದು, ಆದರೂ ಜೊತೆಯಲ್ಲೇ ಟೀ ಕುಡಿದವರು.

ಹುಡುಗಿ, ನಿನ್ನ ಪ್ರಶ್ನೆ ಸರಿಯಾಗಿದೆ, ಆದರೆ ಒಂದಲ್ಲ, ನಾಲ್ಕು ಪ್ರಶ್ನೆ. ಗೋಡೆಗೆ ಒಂದು ವಯಸ್ಸು, ಗೇಟಿಗೆ ಒಂದು, ಮಷೀನಿಗೆ ಒಂದು, ಹೂಳಿಗೆ ಒಂದು. ಎಲ್ಲ ಸೇರಿಸಿ "ಡ್ಯಾಂ ಹಳೆಯದಾಯ್ತು" ಅಂದರೆ ಏನೂ ಹೇಳಿದ ಹಾಗಲ್ಲ.

ಮೊದಲು ಗೋಡೆ. ಕಲ್ಲು ಗಾರೆಯ ದೊಡ್ಡ ಡ್ಯಾಂಗಳ ಹೊಟ್ಟೆಯೊಳಗೆ ಒಂದು ಗ್ಯಾಲರಿ ಇರುತ್ತದೆ. ಸುರಂಗದ ಹಾಗೆ. ಒಳಗೆ ಸದಾ ತೊಟ್ಟಿಕ್ಕುವ ಸದ್ದು, ಬೇಸಿಗೆಯಲ್ಲೂ ತಂಪು. ಸೋರಿದ ನೀರೆಲ್ಲ ಒಂದು ಸಣ್ಣ ಚರಂಡಿಗೆ ಬರುತ್ತದೆ. ಚರಂಡಿಗೆ ಅಡ್ಡವಾಗಿ ಒಂದು ತಗಡು, ಅದರ ನಡುವೆ 'ವಿ' ಆಕಾರದ ಕಚ್ಚು. ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯುತ್ತದೆ ಅಂತ ಸ್ಕೇಲ್ ಇಟ್ಟು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಡ್ಯಾಂನ ನಾಡಿ ಹಿಡಿಯುವುದು ಅಂದರೆ ಇಷ್ಟೇ.

ಡ್ಯಾಂ ಸೋರುವುದು ಸುದ್ದಿಯಲ್ಲ. ಸೋರದ ಡ್ಯಾಂ ಇಲ್ಲ. ಅಣೆಕಟ್ಟೆಯಲ್ಲಿ ಅಷ್ಟೇ ನೀರಿದ್ದಾಗ ಕಳೆದ ವರ್ಷಕ್ಕಿಂತ ಈ ವರ್ಷ ಜಾಸ್ತಿ ಸೋರಿದರೆ ಸುದ್ದಿ. ಮಣ್ಣಿನ ಏರಿಯ ಬುಡದಲ್ಲಿ ಬರುವ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕಲಕಾಗಿ ಬಂದರೆ ಏರಿಯ ಮಣ್ಣೂ ಜೊತೆಗೆ ಬರುತ್ತಿದೆ ಅಂತ ಅರ್ಥ. ಆವತ್ತು ಯಾರೂ ಮಲಗಬಾರದು.

ನೋಡಿಕೊಂಡರೆ ಗೋಡೆ ನೂರು ವರ್ಷ ದಾಟುತ್ತದೆ. ನನಗೆ ಅದರ ಮೇಲೆ ಅನುಮಾನವಿಲ್ಲ. ಗೇಟಿನ ವಿಷಯ ಬೇರೆ.

ಟಿಬಿ ಡ್ಯಾಂ ಕಡೆಯವ

ಗೇಟಿನ ವಿಷಯ ನಾವು ಹೇಳುತ್ತೇವೆ ಸರ್. 2024ರ ಆಗಸ್ಟ್ 10ರ ರಾತ್ರಿ ನಾನು ಹೊಸಪೇಟೆಯಲ್ಲೇ ಇದ್ದೆ. ನಮ್ಮ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿ ಹೋಯಿತು. ಬೆಳಗಾಗುವಷ್ಟರಲ್ಲಿ ಊರೆಲ್ಲ ಸೇತುವೆ ಹತ್ತಿರ. ಆ ಒಂದು ಗೇಟಿನ ಮೇಲೆ ಒತ್ತಡ ತಗ್ಗಿಸಬೇಕು ಅಂತ ಉಳಿದ ಗೇಟುಗಳನ್ನೂ ತೆಗೆದರು. ಎರಡನೇ ಬೆಳೆಗೆ ಅಂತ ಕಾದಿದ್ದ ನೀರು ಕಣ್ಣೆದುರೇ ಹೋಗುತ್ತಿತ್ತು. ನಮ್ಮ ದೊಡ್ಡಪ್ಪ ಮಾತೇ ಆಡಲಿಲ್ಲ. ಎರಡು ದಿನ ಸುಮ್ನೆ ಕೂತಿದ್ದರು.

ಡ್ಯಾಂ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರು ಬಂದರು. ನಿವೃತ್ತಿಯ ವಯಸ್ಸು ಎಂದೋ ದಾಟಿದವರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ಅಡ್ಡ ಹಾಕುವ ಉಕ್ಕಿನ ತಡೆ, ಇಳಿಸಿ ಒಂದು ವಾರದೊಳಗೆ ತಡೆದರು. ಆವತ್ತು ಹೊಸಪೇಟೆಯವರು ಅವರನ್ನು ದೇವರ ಹಾಗೆ ನೋಡಿದರು. ಆದರೆ ಒಂದು ಮಾತು. ಎಪ್ಪತ್ತು ವರ್ಷದ ಡ್ಯಾಂನಲ್ಲಿ ಒಂದು ಗೇಟು ಹೋದರೆ ಅಡ್ಡ ಹಾಕಲು ಇನ್ನೊಂದು ರೆಡಿ ಇರಲಿಲ್ಲ ಅಂದರೆ ಅದು ಡ್ಯಾಂನ ವಯಸ್ಸಿನ ತಪ್ಪಾ?

ಪೆಲ್ಟನ್‌ರಾಯ

ಅಲ್ಲ. ಅದೇ ನಾನು ಹೇಳಬೇಕೆಂದಿದ್ದು.

ಲಿಂಗನಮಕ್ಕಿಯ 11 ಗೇಟೂ ರೇಡಿಯಲ್. ನಿಮ್ಮದು ನೇರ ಮೇಲೆತ್ತುವ ಗೇಟು, ನಮ್ಮದು ಬಾಗಿದ ತಗಡಿನ ಬೆನ್ನು, ಎರಡು ತೋಳು, ತೋಳಿನ ತುದಿಯಲ್ಲಿ ದಪ್ಪ ಪಿನ್ನು. ನಿಮ್ಮಲ್ಲಿ ಚೈನ್ ನೋಡಬೇಕು, ನಮ್ಮಲ್ಲಿ ಆ ಪಿನ್ನಿಗೆ ಗ್ರೀಸ್ ಮುಟ್ಟಿದೆಯಾ ಅಂತ ನೋಡಬೇಕು. ಗ್ರೀಸ್ ಒಣಗಿದರೆ ಪಿನ್ನು ಹಿಡಿಯುತ್ತದೆ, ಎತ್ತುವಾಗ ತೋಳು ಬಾಗುತ್ತದೆ.

ಇನ್ನೊಂದು ತಮಾಷೆ ಇದೆ. ಲಿಂಗನಮಕ್ಕಿ ಎಲ್ಲ ವರ್ಷವೂ ತುಂಬುವುದಿಲ್ಲ. 151 ಟಿಎಂಸಿಗೂ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಜಾಸ್ತಿ ಹಿಡಿಸುವ ಹೊಟ್ಟೆ ಅದು. 2024ರ ಆಗಸ್ಟ್‌ನಲ್ಲಿ ಗೇಟು ತೆಗೆದಾಗ ಜಾತ್ರೆಯ ಹಾಗೆ ಜನ ಬಂದಿದ್ದರು, ಯಾಕೆಂದರೆ ಅದು ಅಪರೂಪ. ಅಪರೂಪಕ್ಕೆ ಕೆಲಸ ಮಾಡುವ ಮಷೀನೇ ಕೈಕೊಡುವುದು. ದಿನಾ ತಿರುಗುವುದು ಕೈಕೊಡುವುದಿಲ್ಲ. ಮದುವೆಗೆ ಮಾತ್ರ ಹೊರಗೆ ತೆಗೆಯುವ ಅಂಬಾಸಿಡರ್ ಕಾರಿನ ಕಥೆ ಗೊತ್ತಲ್ಲ?

ಬೆಣ್ಣೆದೋಸೆ

ಸರ್, ನಾಲ್ಕರಲ್ಲಿ ಎರಡು ಆಯ್ತು. ಮಷೀನು, ಹೂಳು ಬಾಕಿ.

ಪೆಲ್ಟನ್‌ರಾಯ

ಹೂಳಿನ ವಿಷಯದಲ್ಲಿ ನಾವು ಪುಣ್ಯವಂತರು. ಮೇಲೆ ಕಾಡಿದೆ. ತುಂಗಭದ್ರೆ ನೋಡಿ, 133 ಟಿಎಂಸಿ ಇದ್ದದ್ದು ಹೂಳು ತುಂಬಿ 105ರ ಹತ್ತಿರ ಬಂದಿದೆ. ನಮಗೆ ಆ ಗತಿ ಬಂದಿಲ್ಲ. ಕಾಡು ಕಡಿದರೆ ಬರುತ್ತದೆ.

ಮಷೀನು ನನ್ನ ವಿಷಯ, ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾದರೆ ದಾಟಿ ಹೋಗಿ. ಲಿಂಗನಮಕ್ಕಿಯಿಂದ ಕಾಲುವೆಯಲ್ಲಿ ನೀರು ತಳಕಳಲೆ ಅನ್ನುವ ಸಣ್ಣ ಅಣೆಕಟ್ಟೆಗೆ ಬರುತ್ತದೆ. ಅಲ್ಲಿಂದ ಹತ್ತು ಪೈಪಿನಲ್ಲಿ ಕಣಿವೆಗೆ ಬೀಳುತ್ತದೆ, 400 ಮೀಟರಿಗೂ ಜಾಸ್ತಿ. ಕೆಳಗೆ ಹತ್ತು ಮಷೀನು, ಒಂದೊಂದು 103.5 ಮೆಗಾವಾಟ್, ಒಟ್ಟು 1,035. ಪೆಲ್ಟನ್ ಚಕ್ರ ಅಂದರೆ ಸುತ್ತಲೂ ಜೋಡಿ ಬಟ್ಟಲು ಕೂರಿಸಿದ ಗಾಲಿ. ನೀರಿನ ಧಾರೆ ಬಟ್ಟಲಿನ ನಡುವಿನ ಅಂಚಿಗೆ ಬಡಿದು ಎರಡು ಕಡೆ ಸೀಳುತ್ತದೆ. ಆ ಅಂಚು ಸವೆಯುತ್ತಾ ಬರುತ್ತದೆ. ಬೇಸಿಗೆಯಲ್ಲಿ ಮಷೀನು ನಿಲ್ಲಿಸಿ ಒಳಗೆ ಕೂತು ಬಟ್ಟಲು ತಟ್ಟಿ ನೋಡುತ್ತಿದ್ದೆವು. ಸರಿಯಿದ್ದರೆ ಗಂಟೆಯ ಸದ್ದು. ಬಿರುಕಿದ್ದರೆ ಒಡೆದ ಮಡಕೆಯ ಸದ್ದು. ಆಮೇಲೆ ಟೆಸ್ಟಿಂಗ್ ಮಷೀನುಗಳು ಬಂದವು, ಆದರೂ ಕೈ ತಟ್ಟುವುದನ್ನು ನಾನು ಬಿಡಲಿಲ್ಲ.

ಲೆಕ್ಕ ಹೇಳುತ್ತೇನೆ. ಇಷ್ಟು ಎತ್ತರದಿಂದ ಬಿದ್ದರೆ ಸಾವಿರ ಲೀಟರ್ ನೀರಿಗೆ ಹತ್ತಿರ ಹತ್ತಿರ ಒಂದು ಯೂನಿಟ್ ಕರೆಂಟ್. ನಿಮ್ಮ ಮನೆ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕಿದೆಯಲ್ಲ, ಅದು ಒಂದು ಸಲ ಖಾಲಿಯಾದರೆ ಒಂದು ಯೂನಿಟ್. ಒಂದು ಟಿಎಂಸಿಗೆ ಸುಮಾರು 2.8 ಕೋಟಿ ಯೂನಿಟ್. ಅದೇ ನೀರು ಕೆಳಗೆ ಗೇರುಸೊಪ್ಪದಲ್ಲಿ ಇನ್ನೊಂದು ಸಲ ಚಕ್ರ ತಿರುಗಿಸುತ್ತದೆ, ಅಲ್ಲಿ 240 ಮೆಗಾವಾಟ್ ಇದೆ.

ಮಷೀನು ಹಳೆಯದಾದರೆ ಬದಲಿಸಬಹುದು. ಜೋಗದ ಮಹಾತ್ಮ ಗಾಂಧಿ ಪವರ್‌ಹೌಸ್ 1948ರದ್ದು. 120 ಮೆಗಾವಾಟ್ ಇದ್ದದ್ದನ್ನು ರಿಪೇರಿ ಮಾಡಿ 139.2 ಮಾಡಿದರು. ಮುದುಕನಿಗೆ ಹಲ್ಲು ಕಟ್ಟಿಸಿದ ಮೇಲೆ ಜಾಸ್ತಿ ತಿನ್ನುವುದಿಲ್ವಾ, ಹಾಗೆ. ಕೇಬಲ್ ಮರೆತರೆ ಮಾತ್ರ ಕಷ್ಟ. 2016ರ ಫೆಬ್ರವರಿಯಲ್ಲಿ ಶರಾವತಿ ಪವರ್‌ಹೌಸ್‌ಗೆ ಬೆಂಕಿ ಬಿದ್ದು ಹತ್ತೂ ಮಷೀನು ನಿಂತವು. ಡ್ಯಾಂನಲ್ಲಿ ನೀರಿತ್ತು, ಗೋಡೆ ಗಟ್ಟಿಯಿತ್ತು, ಚಕ್ರಗಳೂ ಇದ್ದವು. ಕರೆಂಟ್ ಇರಲಿಲ್ಲ.

ಮುಳುಗಡೆ ಮೊಮ್ಮಗ

ಎಲ್ಲ ಓದಿದೆ ಸರ್. ಚೆನ್ನಾಗಿ ಹೇಳಿದಿರಿ. ಆದರೆ ನಾಲ್ಕು ವಯಸ್ಸು ಅಂದಿರಲ್ಲ, ಐದನೆಯದು ಬಿಟ್ಟುಹೋಯಿತು. ನಮ್ಮ ಕಾಗದದ ವಯಸ್ಸು.

ನಮ್ಮಜ್ಜನ ಅಪ್ಪ ಮೊದಲು ಹಿರೇಭಾಸ್ಕರ ಡ್ಯಾಂಗೆ ಜಾಗ ಬಿಟ್ಟವರು. ಮಡೆನೂರು ಡ್ಯಾಂ ಅಂತಾರಲ್ಲ, ಅದೇ. ಮೇಲೆ ಗುಡ್ಡದ ಕಡೆ ಹೋಗಿ ಮನೆ ಕಟ್ಟಿ ಅಡಿಕೆ ಹಾಕಿದರು. ಅಡಿಕೆ ಸರಿಯಾಗಿ ಫಸಲು ಕೊಡುವ ಹೊತ್ತಿಗೆ ಲಿಂಗನಮಕ್ಕಿ ಬಂತು. ಆ ನೀರಲ್ಲಿ ನಮ್ಮ ತೋಟವೂ ಮುಳುಗಿತು, ಮಡೆನೂರು ಡ್ಯಾಮೂ ಮುಳುಗಿತು. ನಮ್ಮನ್ನು ಮುಳುಗಿಸಿದ್ದೂ ಮುಳುಗಿತಲ್ಲ ಅಂತ ಅಜ್ಜ ಹೇಳುತ್ತಿದ್ದರು. ಅವರು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗುತ್ತಿರಲಿಲ್ಲ.

ಲಾರಿಯಲ್ಲಿ ದನ, ಪಾತ್ರೆ, ಮನುಷ್ಯರು ಎಲ್ಲ ಒಟ್ಟಿಗೆ. ಶಿವಮೊಗ್ಗ ಹತ್ತಿರದ ಒಂದು ಕಾಡಂಚಿನಲ್ಲಿ ಇಳಿಸಿದರು. ಇದು ನಿಮ್ಮ ಜಾಗ ಅಂದರು. ಕಡಿದು ಗದ್ದೆ ಮಾಡಿದೆವು. ಇವತ್ತಿಗೂ ಅದು ಕಾಗದದಲ್ಲಿ ಕಾಡು. ಬ್ಯಾಂಕಿಗೆ ಹೋದರೆ ಪಹಣಿ ಎಲ್ಲಿ ಅಂತಾರೆ. ಒಂದು ಕಚೇರಿಯಲ್ಲಿ ಫೈಲು ಇನ್ನೊಂದು ಕಚೇರಿಗೆ ಹೋಗಿದೆ ಅಂತಾರೆ. ಅಲ್ಲಿ ಹೋದರೆ ಇಲ್ಲಿಂದ ಬಂದೇ ಇಲ್ಲ ಅಂತಾರೆ. ನಮ್ಮಪ್ಪನ ಹತ್ತಿರ ಒಂದು ಕೆಂಪು ರೆಕ್ಸಿನ್ ಚೀಲ ಇದೆ. ಅರ್ಜಿಯ ನಕಲು, ಸ್ವೀಕೃತಿ ಚೀಟಿ, ಎಲ್ಲ ಅದರಲ್ಲಿ. ಮದುವೆ ಆಲ್ಬಮ್ಮಿಗಿಂತ ಜೋಪಾನ.

ಡ್ಯಾಂಗೆ ಅರವತ್ತಾಯಿತು ಅಂದರೆ ಆ ಚೀಲಕ್ಕೂ ಅರವತ್ತಾಯಿತು. ಚಕ್ರ ಬದಲಿಸುವವರು ಮೊದಲು ಇದನ್ನು ಬದಲಿಸಲಿ.

ಅಡಿಕೆಸಿಪ್ಪೆ

ಮಾತಿಲ್ಲ ಅಣ್ಣ.

ಹೊಳೆಬಾಗಿಲು ಹುಡುಗಿ

ನೀವು ಆಚೆಗೆ ಹೋದವರು, ನಾವು ಇಲ್ಲೇ ಉಳಿದವರು. ಮೂರು ಕಡೆ ನೀರು, ಒಂದು ಕಡೆ ಕಾಡು. ನಮ್ಮ ಹಿನ್ನೀರಿನಿಂದ ಇಡೀ ರಾಜ್ಯಕ್ಕೆ ದೀಪ ಹೊತ್ತಿತು. ನಮ್ಮ ಕಡೆ ಎಷ್ಟೋ ಹಳ್ಳಿಗಳಿಗೆ ದಶಕಗಟ್ಟಲೆ ಚಿಮಣಿ ಬುಡ್ಡಿಯೇ ಗತಿ.

ಲಾಂಚಿನ ಕಥೆ ಒಂದು ಹೇಳಲೇಬೇಕು. ನಮ್ಮ ಅತ್ತೆಯ ಮದುವೆ. ಅಡುಗೆಯವರು ಸಾಗರದಿಂದ ಬರಬೇಕಿತ್ತು. ಅವರು ಲಾಂಚ್ ಹೊರಡುವ ಹೊಳೆಬಾಗಿಲಿಗೆ ಬರುವಷ್ಟರಲ್ಲಿ ಕೊನೆಯ ಲಾಂಚ್ ಹೋಗಿತ್ತು. ಕೊಪ್ಪರಿಗೆ, ಸೌಟು, ಹೋಳಿಗೆಯ ಹೂರಣ, ಎಲ್ಲ ಆ ದಡದಲ್ಲಿ. ಮದುಮಗಳು, ಒಲೆ, ನೆಂಟರು ಈ ದಡದಲ್ಲಿ. ಕೂಗಿದರೆ ಕೇಳುವುದಿಲ್ಲ, ಫೋನಿಲ್ಲ. ರಾತ್ರಿ ಆ ಕಡೆ ಬೆಂಕಿ ಕಂಡಿತಂತೆ. ಅವರು ಅಲ್ಲೇ ಒಲೆ ಹೂಡಿ ತಮಗೆ ಅನ್ನ ಬೇಯಿಸಿಕೊಂಡರು. ಬೆಳಗ್ಗೆ ಮೊದಲ ಲಾಂಚಿಗೆ ಬಂದು ಮುಹೂರ್ತಕ್ಕೆ ಉಪ್ಪಿಟ್ಟು ಮಾಡಿದರು. ಉಪ್ಪಿಟ್ಟು ತಿಂದು ಆದ ಮದುವೆ ಅಂತ ಇವತ್ತಿಗೂ ಅತ್ತೆಯನ್ನು ಆಡಿಕೊಳ್ಳುತ್ತಾರೆ.

ಇದು ನಗುವ ಕಥೆ. ರಾತ್ರಿ ಹೆರಿಗೆ ನೋವು ಬಂದವರ ಕಥೆ ನಗುವಂಥದ್ದಲ್ಲ, ಅದನ್ನು ಬರೆಯಲಾರೆ.

ಕೆಳದಂಡೆ

ನಾನು ಹೊನ್ನಾವರದವಳು. ಮೇಲಿನವರೆಲ್ಲ ಮಾತಾಡಿದಿರಿ, ಕೆಳಗಿನವರ ಮಾತೂ ಕೇಳಿ.

ಅಮ್ಮನ ಕಾಲದಲ್ಲಿ ಬೇಸಿಗೆಯಲ್ಲಿ ಶರಾವತಿ ಸಣ್ಣಗಾಗುತ್ತಿತ್ತು, ಸಮುದ್ರದ ಉಪ್ಪು ನೀರು ಒಳಗೆ ದೂರದವರೆಗೆ ಬರುತ್ತಿತ್ತು. ಈಗ ಪವರ್‌ಹೌಸ್ ನೀರು ವರ್ಷವಿಡೀ ಬರುತ್ತದೆ. ಕುಡಿಯಲು, ತೋಟಕ್ಕೆ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಅಳಿವೆಯಲ್ಲಿ ಉಪ್ಪು ಕಡಿಮೆಯಾಯಿತು. ಬಳಚು (ತಿನ್ನುವ ಚಿಪ್ಪು) ಹೆಕ್ಕುವವರನ್ನು ಕೇಳಿ. ಪಕ್ಕದ ಅಘನಾಶಿನಿಗೆ ಡ್ಯಾಂ ಇಲ್ಲ. ಅಲ್ಲಿ ಬುಟ್ಟಿಗಟ್ಟಲೆ ಬಳಚು ಸಿಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಎರಡೂ ಒಂದೇ ಜಿಲ್ಲೆಯ ಹೊಳೆ.

ಇನ್ನು ಮಳೆಗಾಲ. ಮೇಲೆ ಡ್ಯಾಂ ತುಂಬಿತು ಅಂತ ನಿಮಗೆ ಜಾತ್ರೆ. ನಮಗೆ ಮೈಕ್ ಕಟ್ಟಿದ ಜೀಪು. "ನದಿ ಪಾತ್ರದ ಜನ ಸುರಕ್ಷಿತ ಸ್ಥಳಕ್ಕೆ..." ಅಂತ ಕೂಗಿಕೊಂಡು ಹೋಗುತ್ತದೆ. ಗೇಟು ತೆಗೆಯುವುದನ್ನು ಒಂದೇ ಸಲ ಜಾಸ್ತಿ ಮಾಡದೆ, ಮುಂಚೆಯಿಂದ ಸ್ವಲ್ಪ ಸ್ವಲ್ಪ ಬಿಟ್ಟರೆ ಆಗುವುದಿಲ್ವಾ? ಪ್ರತಿ ಸಲ ಇದನ್ನೇ ಕೇಳುತ್ತೇವೆ.

ಪೆಲ್ಟನ್‌ರಾಯ

ಆಗುತ್ತದೆ ಅಕ್ಕ. ಆದರೆ ಅದಕ್ಕೆ ಅಣೆಕಟ್ಟೆಯಲ್ಲಿ ಜಾಗ ಖಾಲಿ ಇಟ್ಟುಕೊಳ್ಳಬೇಕು. ಖಾಲಿ ಇಟ್ಟು ಆಮೇಲೆ ಮಳೆ ಬರದಿದ್ದರೆ? 2023ರ ಬರದ ಹಾಗೆ ಆದರೆ? ಬಿಟ್ಟ ಒಂದೊಂದು ಟಿಎಂಸಿಗೂ 2.8 ಕೋಟಿ ಯೂನಿಟ್ ಹೋಯಿತು ಅಂತ ಮೇಲಿನವರು ಬೈಯುತ್ತಾರೆ. ಗೇಟಿನ ತೀರ್ಮಾನಕ್ಕೆ ಕೂತವನಿಗೆ ಎರಡೂ ಕಡೆಯಿಂದ ಪೆಟ್ಟು. ಆದರೂ ನಿಮ್ಮ ಮಾತೇ ಸರಿ. ಈಗ ಮಳೆಯ ಮುನ್ಸೂಚನೆ ಮೊದಲಿಗಿಂತ ಚೆನ್ನಾಗಿ ಸಿಗುತ್ತದೆ. 1964ರ ಅಂದಾಜಿನ ಮೇಲೆ 2025ರ ಮಳೆ ನಿಭಾಯಿಸಲು ಆಗುವುದಿಲ್ಲ.

ಬೆಣ್ಣೆದೋಸೆ

ಒಂದು ಪೆದ್ದು ಪ್ರಶ್ನೆ. ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಇದೆ. ಶರಾವತಿಯ ಎರಡರಷ್ಟು. ಹಾಗಾದರೆ ಇಷ್ಟು ಕಷ್ಟ ಯಾಕೆ? ಡ್ಯಾಂ ರಿಟೈರ್ ಮಾಡಬಾರದಾ?

ಪೆಲ್ಟನ್‌ರಾಯ

ಪೆದ್ದು ಅಲ್ಲ. ಸಂಜೆ ಏಳು ಗಂಟೆಗೆ ಪಾವಗಡ ಎಷ್ಟು ಕೊಡುತ್ತದೆ? ಸೊನ್ನೆ. ಆ ಹೊತ್ತಿಗೇ ಎಲ್ಲರ ಮನೆಯಲ್ಲಿ ಲೈಟು, ಟಿವಿ, ಮಿಕ್ಸಿ. ಕಲ್ಲಿದ್ದಲಿನ ಮಷೀನು ತಣ್ಣಗಿದ್ದರೆ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಶರಾವತಿ ಕೆಲವೇ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ಒಂದು ಕಾಲದಲ್ಲಿ ಮನೆಗೆಲ್ಲ ದುಡಿದು ಹಾಕುತ್ತಿದ್ದ ಹಿರಿಯಣ್ಣ, ಈಗ ಕಷ್ಟಕ್ಕೆ ಕರೆದರೆ ಓಡಿ ಬರುವವನು.

ಮುಳುಗಡೆ ಮೊಮ್ಮಗ

ಆ ಹಿರಿಯಣ್ಣನ ಮೇಲೇ ಎಲ್ಲರ ಕಣ್ಣು. 2019ರಲ್ಲಿ ಬೆಂಗಳೂರಿಗೆ ನೀರು ಒಯ್ಯುತ್ತೇವೆ ಅಂದರು, ಜುಲೈಯಲ್ಲಿ ಶಿವಮೊಗ್ಗ ಬಂದ್ ಮಾಡಿದೆವು. ಈಗ ಪಂಪ್ಡ್ ಸ್ಟೋರೇಜ್, 2,000 ಮೆಗಾವಾಟ್. ತಳಕಳಲೆ ಮೇಲೆ, ಗೇರುಸೊಪ್ಪ ಕೆಳಗೆ, ನಡುವೆ ಸಿಂಗಳೀಕಗಳ ಕಾಡು.

ಟಿಬಿ ಡ್ಯಾಂ ಕಡೆಯವ

ಅದು ಏನು ಅಂತ ಯಾರಾದರೂ ಸರಳವಾಗಿ ಹೇಳಿ.

ಪೆಲ್ಟನ್‌ರಾಯ

ಮಧ್ಯಾಹ್ನ ಸೋಲಾರ್ ಕರೆಂಟ್ ಮಿಕ್ಕಾಗ ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡುವುದು. ಸಂಜೆ ಅದೇ ನೀರು ಇಳಿಸಿ ಕರೆಂಟ್ ಮಾಡುವುದು. ನೂರು ಯೂನಿಟ್ ಖರ್ಚು ಮಾಡಿದರೆ 75ರಿಂದ 80 ವಾಪಸ್. ದೊಡ್ಡ ಬ್ಯಾಟರಿ ಅಂದುಕೊಳ್ಳಿ. ಎರಡು ಕಟ್ಟೆಯೂ ಮೊದಲೇ ಇದೆ, ಹೊಸ ಡ್ಯಾಂ ಬೇಡ ಅನ್ನುವುದು ಅದರ ಪರವಾದ ಮಾತು. ಸುರಂಗ, ರಸ್ತೆ, ಲೈನು ಎಲ್ಲ ಕಾಡೊಳಗೇ ಹೋಗಬೇಕು ಅನ್ನುವುದು ವಿರುದ್ಧದ ಮಾತು.

ಮೂವತ್ತು ವರ್ಷದ ಹಿಂದೆ ಕೇಳಿದ್ದರೆ ಇಂಜಿನಿಯರಿಂಗ್ ಚಂದ ನೋಡಿ ಹೂಂ ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ಅದೇ ಹಣದಲ್ಲಿ ಸ್ವಲ್ಪ ಈ ಹಳೆಯ ಹತ್ತು ಮಷೀನಿಗೆ, 11 ಗೇಟಿಗೆ, ಆ ಕೆಂಪು ಚೀಲಕ್ಕೆ ಹಾಕಲಿ. ಕಾಡು ಒಮ್ಮೆ ಹೋದರೆ ನಾನು ಪುಣ್ಯ ಅಂದೆನಲ್ಲ ಹೂಳಿನ ವಿಷಯ, ಅದೂ ಹೋಗುತ್ತದೆ. ಕಾಲೊನಿಯ ಹಳೆಯ ಗೆಳೆಯರು ಇದಕ್ಕೆ ನನ್ನ ಮೇಲೆ ಸಿಟ್ಟಾಗಿದ್ದಾರೆ. ಆಗಲಿ.

ಬೆಂಗಳೂರಿನ ನೀರಿನದಂತೂ ಲೆಕ್ಕವೇ ಕೂರುವುದಿಲ್ಲ. ಲಿಂಗನಮಕ್ಕಿ ತುಂಬಿದಾಗ ಸುಮಾರು 554 ಮೀಟರ್ ಎತ್ತರ, ಬೆಂಗಳೂರು 900. ಕೆಳಗೆ ಬಿಟ್ಟರೆ ಕರೆಂಟ್ ಕೊಡುವ ನೀರನ್ನು ಕರೆಂಟ್ ಸುಟ್ಟು ಮೇಲಕ್ಕೆ ಹತ್ತಿಸುವುದು.

ಅಡಿಕೆಸಿಪ್ಪೆ

ಬೆಂಗಳೂರಿನವರು ಅಲ್ಲೇ ಬೀಳುವ ಮಳೆ ನೀರು ಹಿಡಿಯಲಿ ಅಂದರೆ ಅವರಿಗೆ ಸಿಟ್ಟು ಬರುತ್ತದೆ. ನಾನೂ ಬೆಂಗಳೂರಿನಲ್ಲೇ ಇದ್ದೇನೆ, ನನ್ನ ಬಿಲ್ಡಿಂಗಿನಲ್ಲೂ ಹಿಡಿದಿಲ್ಲ. ಸುಮ್ನೆ ಹೇಳಿದೆ.

ಹೊಳೆಬಾಗಿಲು ಹುಡುಗಿ

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಬಟ್ಟಲು ತಟ್ಟಿ ನೋಡುವ ಜಾಗದಲ್ಲಿ ಇನ್ನೊಂದು ಸಲ ಓದು ಅಂದರು. ಕೆಂಪು ಚೀಲದ ಜಾಗದಲ್ಲಿ ಎದ್ದು ಹೊರಗೆ ಹೋದರು. ಅವರ ದೊಡ್ಡಮ್ಮನ ಮನೆಯವರೂ ಶಿವಮೊಗ್ಗ ಕಡೆಗೇ ಹೋದವರು, ಆಮೇಲೆ ಸಂಪರ್ಕ ಉಳಿಯಲಿಲ್ಲವಂತೆ.

ಮುಳುಗಡೆ ಮೊಮ್ಮಗ ಅಣ್ಣ, ನಿಮ್ಮ ಅಜ್ಜಿ ಇದ್ದಾರಾ? ಮಡೆನೂರು ಡ್ಯಾಂ ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಬರುತ್ತದೆ. ಅವರಿಗೆ ನೋಡುವ ಆಸೆ ಇದ್ದರೆ ಹೇಳಿ.

ಮುಳುಗಡೆ ಮೊಮ್ಮಗ

ಇದ್ದಾರೆ. ಎಂಬತ್ತೆಂಟು. ಕೇಳಿದೆ. ಡ್ಯಾಂ ನೋಡಿ ನನಗೇನು ಆಗಬೇಕು, ನಮ್ಮ ಬಾವಿಯ ಕಟ್ಟೆ ಕಾಣುತ್ತಾ ಕೇಳು ಅಂದರು.

ಪೆಲ್ಟನ್‌ರಾಯ

ಕೆಸರು ಒಣಗುವ ಮೊದಲು ಕರೆದುಕೊಂಡು ಬರಬೇಡಿ, ಕಾಲು ಹೂತುಹೋಗುತ್ತದೆ. ಏಪ್ರಿಲ್ ಕೊನೆ, ಮೇ ಮೊದಲ ವಾರ ಸರಿ. ಬೆಳಗ್ಗೆ ಬೇಗ ಬನ್ನಿ, ಅಲ್ಲಿ ಒಂದು ಮರದ ನೆರಳೂ ಇಲ್ಲ, ಇರುವುದೆಲ್ಲ ಬೊಡ್ಡೆ. ಸ್ಟೂಲು ಒಂದು ತನ್ನಿ. ಜೀಪು ನನ್ನದಿದೆ.